ಕುರಿ ಮಂದೆಗೆ ಹೋದ ನಾಟಕ

ನಾನು ಮತ್ತು ನನ್ನ ಗಂಡ ಹಳ್ಳಿ ಶಾಲೆಗಳಿಗೆ ಹೋಗಿ ಮಕ್ಕಳಿಗೆ ನಾಟಕ ಕಲಿಸುತ್ತೇವೆ. ಮದುವೆಯಾದಾಗಿನಿಂದ ಸಂಸಾರ ಹೂಡಿದ್ದಕ್ಕಿಂತ ಬ್ಯಾಗು ಕಟ್ಟಿದ್ದೇ ಜಾಸ್ತಿ. ಮಧುಗಿರಿಯಲ್ಲಿ ಒಂದು ಬಾಡಿಗೆ ಮನೆಯಿದೆ. ಅಲ್ಲಿಂದ ಸ್ಕೂಟರಿನಲ್ಲಿ ಕೊರಟಗೆರೆ, ಶಿರಾ, ಪಾವಗಡ ಎಂದು ಸುತ್ತುತ್ತಿರುತ್ತೇವೆ. ಅವರು ಗಾಡಿ ಓಡಿಸುತ್ತಾರೆ, ನಾನು ಹಿಂದೆ ಕೂತು ತಮಟೆ ಹಿಡಿದುಕೊಂಡಿರುತ್ತೇನೆ. ಆ ತಮಟೆ ನೋಡಿದವರು ಏನೇನೋ ಅಂದುಕೊಳ್ಳುತ್ತಾರೆ. ಶಿರಾದ ಟೀ ಅಂಗಡಿಯವರು ಯಾವ ಪಾರ್ಟಿಯ ಪ್ರಚಾರ ಎಂದು ಕೇಳಿದ್ದರು. ಕೊರಟಗೆರೆ ಹತ್ತಿರದ ಹಳ್ಳಿಯೊಂದರಲ್ಲಿ ಅಜ್ಜಿಯೊಬ್ಬರು ನಮ್ಮನ್ನು ಪೋಲಿಯೊ ಹನಿ ಹಾಕುವವರೆಂದು ತಿಳಿದು ಮೊಮ್ಮಗುವನ್ನು ಎತ್ತಿಕೊಂಡು ಬಂದುಬಿಟ್ಟಿದ್ದರು.

ನಮ್ಮಿಬ್ಬರ ಪಾಠದ ರೀತಿ ಬೇರೆ. ಮಾತು ಕೊನೆಯ ಸಾಲಿನಲ್ಲಿ ಕೂತವರಿಗೂ ಕೇಳಬೇಕು ಎನ್ನುವುದು ಅವರ ಹಟ. ಮಕ್ಕಳು ಮೊದಲು ಆಡಲಿ, ಮಾತು ಆಮೇಲೆ ತಾನೇ ಬರುತ್ತದೆ ಎನ್ನುವುದು ನನ್ನದು. ಈ ಜಗಳ ಸಾಮಾನ್ಯವಾಗಿ ಸ್ಕೂಟರಿನ ಮೇಲೆ ನಡೆಯುತ್ತದೆ. ಗಾಳಿಗೆ ಅರ್ಧ ಮಾತು ಹಾರಿಹೋಗುವುದರಿಂದ ಇಬ್ಬರೂ ಗೆದ್ದೆವೆಂದುಕೊಂಡು ಇಳಿಯುತ್ತೇವೆ.

ಹೋದ ವರ್ಷ ಐ.ಡಿ.ಹಳ್ಳಿ ದಾಟಿ ಇರುವ ಒಂದು ಸಣ್ಣ ಶಾಲೆಗೆ ಹೋಗಿದ್ದೆವು. ಮೊದಲ ದಿನ ಮಕ್ಕಳು ಬಾಯಿಯೇ ಬಿಡಲಿಲ್ಲ. ನೀವು ರಾಜರಾದರೆ ಏನು ಮಾಡುತ್ತೀರಿ ಎಂದು ಕೇಳಿದೆ. ಕಡೆಗೆ ಒಬ್ಬಳು ಎದ್ದು ನಿಂತು, ಊರ ಮುಂದಿನ ಬೆಟ್ಟವನ್ನು ಪಕ್ಕಕ್ಕೆ ಸರಿಸುತ್ತೇನೆ, ಅದರಿಂದ ನಮ್ಮ ಮನೆಗೆ ಬಿಸಿಲು ತಡವಾಗಿ ಬರುತ್ತದೆ ಎಂದಳು. ನಮಗೆ ನಾಟಕ ಸಿಕ್ಕಿತು. ಬೆಟ್ಟ ಸರಿಸಲು ರಾಜ ಅಪ್ಪಣೆ ಕೊಡುತ್ತಾನೆ, ಪ್ರಜೆಗಳು ಬೆಟ್ಟವನ್ನು ತಳ್ಳಿ ತಳ್ಳಿ ಸುಸ್ತಾಗುತ್ತಾರೆ, ಕೊನೆಗೆ ರಾಜ ಮಲಗಿದ್ದಾಗ ಅವನ ಮಂಚವನ್ನೇ ಸರಿಸಿ, ಬೆಟ್ಟ ಹೋಯಿತು ಎಂದು ನಂಬಿಸುತ್ತಾರೆ.

ಎದ್ದು ನಿಂತವಳೇ ರಾಜ ಆದಳು. ಕುರಿ ಕಾಯುವ ಮನೆಯ ಹುಡುಗಿ. ಹೊಲದ ಈ ತುದಿಯಿಂದ ಆ ತುದಿಗೆ ಕೂಗಿ ಅಭ್ಯಾಸವಿದ್ದ ಅವಳ ದನಿಗೆ ಶಾಲೆಯ ಹಂಚು ಅಲುಗಾಡುತ್ತದೇನೋ ಅನ್ನಿಸುತ್ತಿತ್ತು. ನನ್ನ ಗಂಡನಿಗೆ ಹಬ್ಬ. ಸಿಟ್ಟು ಬಂದಾಗ ರಾಜನ ಕನ್ನಡ ಅವಳ ಮನೆಯ ತೆಲುಗಿಗೆ ಜಾರುತ್ತಿತ್ತು. "ಬೆಟ್ಟ ಸರಿಸಿ" ಎಂದು ಶುರುವಾದದ್ದು "ಜರಪಂಡ್ರಾ" ಎಂದು ಮುಗಿಯುತ್ತಿತ್ತು. ಮಕ್ಕಳು ಬಿದ್ದು ಬಿದ್ದು ನಕ್ಕರು. ಅದನ್ನು ಹಾಗೇ ಉಳಿಸಿಕೊಂಡೆವು.

ನಾಟಕಕ್ಕೆ ಇನ್ನೇನು ಕೆಲವೇ ದಿನ ಇದೆ ಎನ್ನುವಾಗ ರಾಜ ಶಾಲೆಗೆ ಬರಲಿಲ್ಲ. ಊರ ಸುತ್ತ ಮೇವು ಮುಗಿದಿತ್ತು, ಮನೆಯವರು ಮಂದೆ ಹೊಡೆದುಕೊಂಡು ಮಿಡಿಗೇಶಿ ಕಡೆ ಹೋಗಿದ್ದರು, ಅವಳನ್ನೂ ಕರೆದುಕೊಂಡು. ಅವಳ ಜಾಗಕ್ಕೆ ಇನ್ನೊಬ್ಬನನ್ನು ನಿಲ್ಲಿಸಿದೆವು. ಪಾಪ, ಅವನ ಅಪ್ಪಣೆ ಪಕ್ಕದಲ್ಲಿದ್ದ ಮಂತ್ರಿಗೇ ಕೇಳುತ್ತಿರಲಿಲ್ಲ. ಮಕ್ಕಳ ಮುಖ ಬಾಡಿತು. ನಮ್ಮಿಬ್ಬರಿಗೂ ಊಟ ಸೇರಲಿಲ್ಲ.

ಮರುದಿನ ಬೆಳಿಗ್ಗೆ ಸ್ಕೂಟರ್ ಹತ್ತಿ ಹುಡುಕಿಕೊಂಡು ಹೊರಟೆವು. ಮಿಡಿಗೇಶಿ ಆಚೆ, ಶೇಂಗಾ ಕಿತ್ತು ಖಾಲಿಯಾಗಿದ್ದ ಹೊಲವೊಂದರಲ್ಲಿ ಅವರ ಮಂದೆ ಇತ್ತು. ಗೊಬ್ಬರವಾಗಲಿ ಎಂದು ಹೊಲದವರೇ ಕರೆದು ಕುರಿ ನಿಲ್ಲಿಸಿಕೊಂಡಿದ್ದರು. ಹುಡುಗಿಯ ತಾಯಿ ಹೊಂಗೆ ಮರದ ಕೆಳಗೆ ಒಲೆ ಹೂಡಿದ್ದಳು. ನಮ್ಮನ್ನು ಕಂಬಳಿಯ ಮೇಲೆ ಕೂರಿಸಿ ಮಜ್ಜಿಗೆ ಕೊಟ್ಟಳು. ನಾನು ವಿಷಯ ಹೇಳಿದೆ. ಒಂದು ದಿನದ ಮಟ್ಟಿಗೆ ಕಳಿಸಿಕೊಡಿ, ನಾವೇ ಕರೆದುಕೊಂಡು ಹೋಗಿ ವಾಪಸ್ ಬಿಡುತ್ತೇವೆ ಎಂದು ಕೇಳಿಕೊಂಡೆ.

"ಎಂಗಮ್ಮ ಕಳ್ಸೋದು," ಎಂದಳು ಆಕೆ. "ಈಗ್ತಾನೆ ಮರಿ ಹಾಕವೆ. ಯಾವ ಮರಿ ಯಾವ ತಾಯ್ದು ಅಂತ ನೋಡಿ ಹಾಲಿಗೆ ಬುಡೋಳು ಅವ್ಳೇಯ. ನಾನು ಒಲೆ ಮುಂದೆ, ಅವ್ರಪ್ಪ ಮಂದೆ ಹಿಂದೆ."

ಹುಡುಗಿ ಒಂದು ಮರಿಯನ್ನು ಅಪ್ಪಿಕೊಂಡು ದೂರದಲ್ಲೇ ನಿಂತಿದ್ದಳು. ಹತ್ತಿರ ಬರಲಿಲ್ಲ, ಬಂದರೆ ಅಳು ಬರುತ್ತದೆಂದು ಇರಬೇಕು. ತಾಯಿಯೇ ಮತ್ತೆ ಮಾತಾಡಿದಳು. ಬಂದಾಗಿನಿಂದ ಮಗಳು ಕುರಿಗಳ ಮುಂದೆ ನಿಂತು ಬೆಟ್ಟ ಸರಿಸಿ, ಬೆಟ್ಟ ಸರಿಸಿ ಎಂದು ಅರಚುತ್ತಾಳಂತೆ, ನಾಯಿ ಗಾಬರಿಯಾಗಿ ಬೊಗಳುತ್ತದಂತೆ. ಆಮೇಲೆ ನನ್ನನ್ನೂ ನನ್ನ ಗಂಡನನ್ನೂ ನೋಡಿ, ಗಂಡ ಹೆಂಡತಿ ಇಬ್ಬರೂ ಹೀಗೆ ಊರೂರು ತಿರುಗುವುದೇ ಕೆಲಸವಾ ಎಂದು ಕೇಳಿದಳು. ಹೌದು ಎಂದೆ.

"ನಾವೂ ಅಂಗೇ ಕಣಮ್ಮ," ಎಂದು ನಕ್ಕಳು.

ನನ್ನ ಗಂಡ ಲೋಟ ಕೆಳಗಿಟ್ಟು, "ಹಂಗಾದ್ರೆ ನಾವೇ ಇಲ್ಲಿಗೆ ಬರ್ತೀವಿ," ಎಂದರು. ನಾನು ತಮಾಷೆ ಎಂದುಕೊಂಡೆ. ಆದರೆ ಅವರು ಆಗಲೇ ಎದ್ದು, ಬಿಸಿಲು ಯಾವ ಕಡೆಯಿಂದ ಬೀಳುತ್ತದೆ, ಜನ ಎಲ್ಲಿ ಕೂರಬಹುದು ಎಂದು ಹೊಲ ಅಳೆಯುತ್ತಿದ್ದರು.

ಹೆಡ್ ಮಾಸ್ಟರಿಗೆ ಮೊದಲು ಅರ್ಥವೇ ಆಗಲಿಲ್ಲ. ಜನ ನಾಟಕದ ಹತ್ತಿರ ಬರುವುದುಂಟು, ನಾಟಕ ಕುರಿಗಳ ಹತ್ತಿರ ಹೋಗುವುದು ಎಲ್ಲಿಯಾದರೂ ಉಂಟೇ ಎಂದರು. ಆಮೇಲೆ ತಾವೇ ಯೋಚಿಸಿ, ಇದನ್ನು ಹೊರಸಂಚಾರ ಅನ್ನೋಣ ಬಿಡಿ ಎಂದು ಒಪ್ಪಿದರು. ಊರಿನವರೊಬ್ಬರು ತಮ್ಮ ಗೂಡ್ಸ್ ಟೆಂಪೊ ತಂದರು. ಮಕ್ಕಳು ದಾರಿಯುದ್ದಕ್ಕೂ ಹಾಡು ಹೇಳುತ್ತ ಬಂದರು, ಹೆಡ್ ಮಾಸ್ಟರ್ ಮುಂದೆ ಡ್ರೈವರ್ ಪಕ್ಕ ತಮಟೆ ಹಿಡಿದು ಕೂತಿದ್ದರು.

ಹೊಲದ ಮನೆಯವರು, ಅಕ್ಕಪಕ್ಕದ ಕೂಲಿ ಹೆಂಗಸರು, ದಾರಿಹೋಕರು ಎಲ್ಲ ಸೇರಿ ಒಳ್ಳೆ ಜನವಾಯಿತು. ಬೆಟ್ಟದ ಪಾತ್ರದ ಮಕ್ಕಳು ಒತ್ತಾಗಿ ಕುಕ್ಕರುಗಾಲಿನಲ್ಲಿ ಕೂತರು. ಅವರ ಮೇಲೆ ಹುಡುಗಿಯ ಮನೆಯ ಕರಿಕಂಬಳಿ ಹೊದಿಸಿದೆವು. ಹೊಂಗೆ ಸೊಪ್ಪಿನ ಕಿರೀಟ ಇಟ್ಟುಕೊಂಡು ರಾಜ ಬಂದಳು. ಮೊದಲ ಮಾತಿಗೇ ರಸ್ತೆಯಲ್ಲಿ ಹೋಗುತ್ತಿದ್ದ ಬೈಕೊಂದು ನಿಂತಿತು.

ಎಲ್ಲ ಸರಿಯಾಗಿ ನಡೆಯುತ್ತಿದ್ದಾಗ ಎರಡು ಮರಿಗಳು ಬಂದು, ತಮ್ಮ ಕಂಬಳಿಯ ವಾಸನೆ ಗುರುತು ಹಿಡಿದು ಬೆಟ್ಟದೊಳಕ್ಕೆ ನುಗ್ಗಿದವು. ಬೆಟ್ಟ ಬ್ಯಾ ಎಂದಿತು. ಒಳಗಿದ್ದ ಮಕ್ಕಳು ನಗು ತಡೆಯಲಾರದೆ ಬೆಟ್ಟ ಗಡಗಡ ನಡುಗಿತು. ನಾನು ತಲೆ ತಗ್ಗಿಸಿಕೊಂಡೆ. ಅಷ್ಟರಲ್ಲಿ ಟಗರೊಂದು ಹಿಂದಿನಿಂದ ಬಂದು ಕೂತಿದ್ದ ರಾಜನ ಕಿರೀಟಕ್ಕೆ ಬಾಯಿ ಹಾಕಿತು. ಸೊಪ್ಪಲ್ಲವೇ.

ಹುಡುಗಿ ಹಿಂದೆ ತಿರುಗಿ ನೋಡಿದಳು. ನಗಲಿಲ್ಲ, ಗಾಬರಿಯಾಗಲಿಲ್ಲ. ಎದ್ದು ಸೊಂಟದ ಮೇಲೆ ಕೈಯಿಟ್ಟು ಹೇಳಿದಳು: "ಮಂತ್ರಿ, ಈ ಟಗರು ನನ್ನ ರಾಜ್ಯ ತಿಂತಾ ಐತೆ. ಇದನ್ನ ಹಿಡ್ದು ಬೆಟ್ಟಕ್ಕೆ ಕಟ್ಟು ಕಣ್ಲಾ."

ಅದು ನಾವು ಕಲಿಸಿದ ಮಾತಲ್ಲ. ಮಂತ್ರಿ ನಿಜವಾಗಿಯೂ ಟಗರು ಹಿಡಿಯಲು ಓಡಿದ, ಪ್ರಜೆಗಳೂ ಓಡಿದರು. ನಾಟಕ ಇಡೀ ಹೊಲ ಒಂದು ಸುತ್ತು ಹಾಕಿ ಮತ್ತೆ ತನ್ನ ಜಾಗಕ್ಕೆ ಬಂತು. ಹುಡುಗಿಯ ತಂದೆ, ಅಷ್ಟು ಹೊತ್ತು ಕೋಲೂರಿ ಗಂಭೀರವಾಗಿ ನಿಂತಿದ್ದವರು, ಟವೆಲ್ಲಿನಿಂದ ಕಣ್ಣು ಒರೆಸಿಕೊಂಡು ನಗುತ್ತಿದ್ದರು. ನನ್ನ ಗಂಡನ ಕಡೆ ನೋಡಿದೆ. ಮಾತು ತಪ್ಪಿದರೆ ಮುಖ ಗಂಟಿಕ್ಕುವ ಮನುಷ್ಯ ತಮಟೆ ಬಿಟ್ಟು ಚಪ್ಪಾಳೆ ತಟ್ಟುತ್ತಿದ್ದರು.

ಆಮೇಲೆ ಎಲ್ಲರಿಗೂ ಅಲ್ಲೇ ಮುದ್ದೆ, ಹುರುಳಿಕಾಳಿನ ಸಾರು. ಮಕ್ಕಳು ಸರದಿಯ ಮೇಲೆ ಮರಿಗಳನ್ನು ಎತ್ತಿಕೊಂಡರು. ಟೆಂಪೊ ಹತ್ತುವ ಹೊತ್ತಿಗೆ ಹುಡುಗಿಯ ತಂದೆ ನನ್ನ ಗಂಡನನ್ನು ಪಕ್ಕಕ್ಕೆ ಕರೆದು, ಮುಂದಿನ ವರ್ಷ ನಾಟಕ ಯಾವಾಗ ಎಂದು ವಿಚಾರಿಸಿದರು. "ಮೊದ್ಲೇ ಹೇಳ್ಬುಡಿ ಸಾ. ಆಗ ಊರ ತಾವ್ಲೇ ಮಂದೆ ಇಕ್ಕೊಂತೀವಿ," ಎಂದರು.

ಮರಿಗಳು ಬಲಿತ ಮೇಲೆ ಹುಡುಗಿ ಶಾಲೆಗೆ ಮರಳಿದಳೆಂದು ಹೆಡ್ ಮಾಸ್ಟರ್ ಫೋನ್ ಮಾಡಿ ತಿಳಿಸಿದರು. ಈ ವರ್ಷ ನಾವು ಹೋದಾಗ ಅವಳು ಮೊದಲ ಬೆಂಚಿನಲ್ಲಿದ್ದಳು, ಮಂದೆ ಊರ ಪಕ್ಕದ ಹೊಲದಲ್ಲಿತ್ತು. ಮತ್ತೆ ರಾಜನ ಪಾತ್ರ ಬೇಕಾ ಎಂದು ಕೇಳಿದೆ. ಬೇಡವೆಂದಳು, ಈ ಸಲ ಮಂತ್ರಿ ಆಗಬೇಕಂತೆ.

"ರಾಜಂಗೆ ಕೂತ್ಕೊಂಡಿರೋದೇ ಕೆಲ್ಸ, ಮಿಸ್," ಎಂದಳು. "ಓಡಾಡೋದೆಲ್ಲ ಮಂತ್ರೀನೇ."