ತಾನೇ ಮನೆಗೆ ಬರುವ ಯಂತ್ರ

ಬೀದಿಯ ಮಕ್ಕಳು ಅವನಿಗೆ ಗಿರಗಿಟ್ಲೆ ಎಂದು ಹೆಸರಿಟ್ಟಿದ್ದರು. ದೊಡ್ಡವರೂ ಅದನ್ನೇ ಹಿಡಿದುಕೊಂಡರು. ಡ್ರೋನ್ ಹಾರಿಸಿ, ಮೇಲಿನಿಂದ ಫೋಟೊ ಮತ್ತು ವಿಡಿಯೊ ತೆಗೆದು ಸಂಸಾರ ಸಾಗಿಸುವವನಿಗೆ ಅದಕ್ಕಿಂತ ಒಪ್ಪುವ ಹೆಸರು ಇನ್ನೊಂದಿರಲಿಲ್ಲ. ಕಾರ್ಖಾನೆ, ಶಾಲೆ, ಹೋಟೆಲು, ಮಾರಾಟಕ್ಕಿಟ್ಟ ಮನೆ, ಹೀಗೆ ತಮ್ಮ ಆಸ್ತಿಯನ್ನು ಹಕ್ಕಿಯ ಕಣ್ಣಿನಿಂದ ನೋಡಬೇಕೆಂಬ ಆಸೆ ಯಾರಿಗಿದೆಯೋ ಅವರೆಲ್ಲ ಅವನ ಗಿರಾಕಿಗಳು. ತೊಂದರೆಯೆಂದರೆ ಆ ಆಸೆ ಯಾರಿಗೂ ತಾನಾಗಿ ಹುಟ್ಟುತ್ತಿರಲಿಲ್ಲ. ಅವನೇ ಹೋಗಿ ಹುಟ್ಟಿಸಬೇಕಿತ್ತು.

"ಗಿರಾಕಿ ಬಾಗಿಲಿಂದ ಬರ್ತಾನೆ ಕಣ್ರೀ, ಆಕಾಶದಿಂದ ಉದುರ್ತಾನಾ?" ಎಂದು ಕುರ್ಚಿ ಮೇಜಿನ ಅಂಗಡಿಯವನು ಕೇಳಿದ್ದ. "ನಮ್ಮ ಅಳಿಯನ ಹತ್ರಾನೂ ಒಂದಿದೆ, ಮಗೂಗೆ ಅಂತ ತಂದಿದ್ದು," ಎಂದು ಹೋಟೆಲಿನವನು ಹೇಳಿದ್ದ. ಶಾಲೆಯ ಹೆಡ್‌ಮಾಸ್ಟರು ಇನ್ನೂ ಗಂಭೀರವಾಗಿ, "ಇದು ಹಾರಿದ್ರೆ ಮಕ್ಕಳೆಲ್ಲ ಮೇಲೆ ನೋಡ್ತಾರೆ, ಪಾಠ ಯಾರು ಕೇಳ್ತಾರೆ?" ಎಂದಿದ್ದರು. "ಈಗ ಕೇಳ್ತಿದ್ದಾರಾ ಸಾರ್?" ಎಂದು ಗಿರಗಿಟ್ಲೆ ಕೇಳಿದ. ಆ ಕೆಲಸ ಅವನಿಗೆ ಸಿಗಲಿಲ್ಲ. ನಾಲಿಗೆಗೆ ಲಗಾಮು ಹಾಕುವ ವಿದ್ಯೆ ಅವನಿಗೆ ಹುಟ್ಟಿನಿಂದಲೇ ಬಂದಿರಲಿಲ್ಲ, ಆಮೇಲೂ ಬರಲಿಲ್ಲ.

ಹೀಗೆ ಮೂಗು ಮುರಿಯುವವರಿಗೆಲ್ಲ ಅವನದು ಒಂದೇ ಮದ್ದು. ಡ್ರೋನನ್ನು ಕಣ್ಣಿಗೆ ಚುಕ್ಕಿಯಾಗುವಷ್ಟು ದೂರ ಕಳುಹಿಸಿ, ಕೈಯಲ್ಲಿದ್ದ ರಿಮೋಟಿನ ಒಂದು ಗುಂಡಿ ಒತ್ತುತ್ತಿದ್ದ. ಗುಂಡಿಯ ಮೇಲೆ ಪುಟ್ಟ ಮನೆಯ ಚಿತ್ರ. ಅದನ್ನು ಒತ್ತಿದರೆ ಡ್ರೋನು ತಾನು ಎದ್ದ ಜಾಗಕ್ಕೆ ತಾನೇ ಮರಳಿ ಬಂದು ಇಳಿಯುತ್ತದೆ. ಒತ್ತಿದವನು ರಿಮೋಟನ್ನು ನೆಲಕ್ಕಿಟ್ಟು, ಎರಡೂ ಕೈ ಬೆನ್ನ ಹಿಂದೆ ಕಟ್ಟಿ, ಡ್ರೋನಿಗೆ ಬೆನ್ನು ತಿರುಗಿಸಿ, ಗಿರಾಕಿಯ ಮುಖವನ್ನೇ ನೋಡುತ್ತ ನಿಲ್ಲುತ್ತಿದ್ದ. ಹಿಂದಿನಿಂದ ಗುಂಯ್‌ಗುಡುವ ಸದ್ದು ಹತ್ತಿರವಾಗಿ, ಇಳಿದು, ನಿಲ್ಲುತ್ತಿತ್ತು. "ನೋಡಿದ್ರಾ? ಅದರ ಮನೆ ಅದಕ್ಕೆ ಗೊತ್ತು," ಎನ್ನುತ್ತಿದ್ದ. ಹತ್ತರಲ್ಲಿ ಏಳು ಜನ ಅಲ್ಲಿಗೇ ಸೋಲುತ್ತಿದ್ದರು.

ಈ ನಾಟಕದ ಹಿಂದಿನ ಗುಟ್ಟು ಅವನ ಹೆಂಡತಿಗೆ ಮಾತ್ರ ಗೊತ್ತಿತ್ತು. ತನ್ನ ಕೈಯಾರೆ ಡ್ರೋನ್ ಇಳಿಸಲು ಅವನಿಗೆ ಭಯ. ಅವನ ಮೊದಲ ಡ್ರೋನು ಕೆರೆಯ ತಳದಲ್ಲಿತ್ತು. ಡ್ರೋನಿನ ಮೂತಿ ನಮ್ಮ ಕಡೆ ಇದ್ದಾಗ ಅದರ ಎಡ ನಮಗೆ ಬಲ, ಅದರ ಬಲ ನಮಗೆ ಎಡ. ದಡಕ್ಕೆ ಇಳಿಸುವ ಗಡಿಬಿಡಿಯಲ್ಲಿ ಅವನು ಅದನ್ನು ಮರೆತು, ದಡದತ್ತ ಎಂದುಕೊಂಡು ನೀರಿನತ್ತ ನೂಕಿದ್ದ. ಎರಡನೆಯದನ್ನು ಕೊಳ್ಳುವಾಗ ಹೆಂಡತಿ ಕರಾರು ಹಾಕಿದಳು. ಅವಳು ಹಲ್ಲಿನ ಡಾಕ್ಟರರ ಹತ್ತಿರ ಕೆಲಸಕ್ಕಿದ್ದವಳು, ನೋವಾಗುವ ಮಾತನ್ನು ಮೆಲ್ಲಗೆ ಹೇಳುವುದು ಅವಳಿಗೆ ಅಭ್ಯಾಸ.

"ಇದೂ ಹೋದ್ರೆ ಮೂರನೇದಿಲ್ಲ. ಅಣ್ಣನ ಅಂಗಡೀಲಿ ಸ್ಟೂಲು ಖಾಲಿ ಇದೆ."

ಅವಳ ಅಣ್ಣನದು ಮೊಳೆ, ಸ್ಕ್ರೂ, ಬೀಗ ಮಾರುವ ಅಂಗಡಿ. ಗಲ್ಲಾದ ಪಕ್ಕದಲ್ಲಿ ಗಟ್ಟಿಯಾದ ಮರದ ಸ್ಟೂಲೊಂದಿತ್ತು. ಗಿರಗಿಟ್ಲೆ ಆ ದಾರಿಯಲ್ಲಿ ಹೋದಾಗಲೆಲ್ಲ ಈ ಭಾವ ಅದರ ಧೂಳು ಒರೆಸಿ ತೋರಿಸುತ್ತಿದ್ದ. "ಏನ್ ಭಾವ, ಇನ್ನೂ ಆಕಾಶಕ್ಕೆ ಏಣಿ ಹಾಕ್ತಾನೇ ಇದ್ದೀಯಾ? ನೆಲಕ್ಕಿಳಿದ ದಿನ ಹೇಳು, ಜಾಗ ಕಾದಿಟ್ಟಿದ್ದೀನಿ." ಗಿರಗಿಟ್ಲೆಗೆ ಮೊಳೆಗಳ ಮೇಲೆ ದ್ವೇಷವಿರಲಿಲ್ಲ. ಆದರೆ ಮೊಳಕಾಲೆತ್ತರದಲ್ಲಿ ಕೂತು ಬಾಳು ಕಳೆಯುವುದನ್ನು ನೆನೆದರೇ ಅವನಿಗೆ ಉಸಿರು ಕಟ್ಟುತ್ತಿತ್ತು.

ಅಂಥವನಿಗೆ ಲಾರಿ ಕಂಪನಿಯ ಯಜಮಾನಿ ಎದುರಾದಳು. ಕಂಪನಿಯ ಜಾಹೀರಾತಿಗೆ ವಿಡಿಯೊ ಬೇಕೆಂದು ಕರೆಸಿದ್ದು ಅವಳ ಮಗಳು; ಮಗಳು ಕರೆಸಿದಳೆಂಬ ಒಂದೇ ಕಾರಣಕ್ಕೆ ಅಮ್ಮನಿಗೆ ಅನುಮಾನ. ಅರವತ್ತು ದಾಟಿದ ಹೆಂಗಸು, ಕನ್ನಡಕವನ್ನು ದಾರದಲ್ಲಿ ಕೊರಳಿಗೆ ತೂಗುಬಿಟ್ಟಿದ್ದಳು. ಗಂಡನ ಜೊತೆ ತಾನೂ ಸ್ಟೇರಿಂಗ್ ಹಿಡಿದು ಒಂದು ಲಾರಿಯಿಂದ ಇಡೀ ಅಂಗಳ ತುಂಬಿಸಿದವಳು. ಅವಳು ಯಾರನ್ನೂ ನಂಬುತ್ತಿರಲಿಲ್ಲ. ತೂಕದ ಯಂತ್ರವನ್ನೂ ಎರಡು ಸಲ ತೂಗಿಸುತ್ತಿದ್ದಳು.

"ಮೇಲಿಂದ ನೋಡಿದ್ರೆ ಲಾರಿ ಹೇಗೆ ಕಾಣತ್ತೆ?" ಎಂದು ಕೇಳಿದಳು.

"ಬೆಂಕಿಪೊಟ್ಟಣ ಜೋಡಿಸಿಟ್ಟ ಹಾಗೆ ಮೇಡಂ, ಅಚ್ಚುಕಟ್ಟಾಗಿ."

"ಬೆಂಕಿಪೊಟ್ಟಣ ಅಂಗಡೀಲಿ ಸಿಗತ್ತಲ್ಲ."

ಗಿರಗಿಟ್ಲೆ ಅಪರೂಪಕ್ಕೆ, ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡ. "ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಮೇಡಂ? ಹಾರಿಸಿ ತೋರಿಸ್ತೀನಿ. ಆಮೇಲೆ ಅದು ತಾನೇ ಮನೆಗೆ ಬರತ್ತೆ, ನಾನು ಮುಟ್ಟೋದೂ ಇಲ್ಲ."

"ತಾನೇ ಮನೆಗೆ ಬರತ್ತಾ? ನನ್ನ ಡ್ರೈವರುಗಳೇ ಬರಲ್ಲ."

ಅಂಗಳದ ನೆಲವೆಲ್ಲ ಧೂಳು. ಧೂಳು ಡ್ರೋನಿನ ಮೋಟರಿಗೆ ವಿಷ. ಆದ್ದರಿಂದ ಗಿರಗಿಟ್ಲೆ ಎದುರಿಗೆ ನಿಂತಿದ್ದ ಖಾಲಿ ಲಾರಿಯ ಹಿಂಭಾಗದ ಹಲಗೆ ಗುಡಿಸಿ, ಅಲ್ಲಿಂದಲೇ ಡ್ರೋನನ್ನು ಎಬ್ಬಿಸಿದ. ಯಂತ್ರ ಆ ಜಾಗವನ್ನು ಮನೆಯೆಂದು ಗುರುತು ಹಾಕಿಕೊಂಡಿತು. ಅದು ಜಾಗದ ಗುರುತೇ ಹೊರತು ಲಾರಿಯದಲ್ಲ. ಇಷ್ಟು ವರ್ಷ ಇದೇ ಕೆಲಸ ಮಾಡಿದವನಿಗೆ ಈ ವ್ಯತ್ಯಾಸ ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ಅವನು ಕಣ್ಣು ಪರದೆಗೆ ನೆಟ್ಟು ಗೋದಾಮಿನ ಆಚೆ ಬದಿಯನ್ನು ಚಿತ್ರಿಸುತ್ತಿದ್ದಾಗ ಯಜಮಾನಿಗೆ ಒಂದು ವಿಷಯ ಹೊಳೆಯಿತು. ಖಾಲಿ ಲಾರಿ ಮುಂದೆ ನಿಂತಿದ್ದರೆ ಕಂಪನಿಗೆ ಕೆಲಸವಿಲ್ಲವೆಂದು ಜನ ಅಂದುಕೊಳ್ಳುತ್ತಾರೆ. ಅವಳು ಕೈಸನ್ನೆ ಮಾಡಿದಳು. ಖಾಲಿ ಲಾರಿ ಹಿಂದಕ್ಕೆ ಹೋಯಿತು. ಅದೇ ಜಾಗಕ್ಕೆ, ಹಾಸಿಗೆಗಳನ್ನು ಪೇರಿಸಿ ಹಗ್ಗ ಬಿಗಿದ ಇನ್ನೊಂದು ಲಾರಿ ಬಂದು ನಿಂತಿತು. ಅದರ ಡ್ರೈವರನಿಗೆ ಎಲ್ಲರೂ ರೂಲ್ಸು ಎನ್ನುತ್ತಿದ್ದರು. ಯಜಮಾನಿ ಮಾಡಿದ ನಿಯಮಗಳನ್ನು ಅಷ್ಟೂ ಪಾಲಿಸುವವನು ಆ ಕಂಪನಿಯಲ್ಲಿ ಅವನೊಬ್ಬನೇ. "ಅಮ್ಮ ಕೈ ಬೀಸಿದಾಗ ಹೊರಡು," ಎಂದು ಯಾರೋ ಅವನಿಗೆ ಹೇಳಿ ಹೋದರು.

ಗಿರಗಿಟ್ಲೆ ಮನೆಯ ಗುಂಡಿ ಒತ್ತಿದ. ರಿಮೋಟನ್ನು ನೆಲಕ್ಕಿಟ್ಟ. ಕೈ ಹಿಂದೆ ಕಟ್ಟಿ, ಬೆನ್ನು ತಿರುಗಿಸಿ, ಯಜಮಾನಿಯ ಮುಖ ನೋಡುತ್ತ ನಿಂತ. ಸದ್ದು ಹತ್ತಿರವಾಯಿತು, ಇಳಿಯಿತು, ನಿಂತಿತು.

"ನೋಡಿದ್ರಾ ಮೇಡಂ? ಅದರ ಮನೆ ಅದಕ್ಕೆ ಗೊತ್ತು."

"ಸಾಕು ಸಾಕು," ಎಂದು ಯಜಮಾನಿ ನೊಣ ಓಡಿಸುವಂತೆ ಕೈ ಬೀಸಿದಳು.

ಹಾಸಿಗೆಯ ಲಾರಿ ಹೊರಟಿತು. ಗಿರಗಿಟ್ಲೆ ಹೆಮ್ಮೆಯಿಂದ ತಿರುಗಿ ನೋಡುವಷ್ಟರಲ್ಲಿ ಅವನ ಬದುಕು ಹಾಸಿಗೆಯ ಮೇಲೆ ಮಲಗಿಕೊಂಡು ಗೇಟು ದಾಟುತ್ತಿತ್ತು.

ಅವನು ಇಂಗು ತಿಂದ ಮಂಗನಂತೆ ನಿಂತುಬಿಟ್ಟ. ಯಜಮಾನಿ ಫೋನ್ ಮಾಡಿದಳು. ರಿಂಗಾಯಿತು, ಆಗುತ್ತಲೇ ಇತ್ತು. "ಎತ್ತಲ್ಲ," ಎಂದಳು. "ಚಕ್ರ ತಿರುಗ್ತಿರುವಾಗ ಫೋನ್ ಎತ್ತಬಾರ್ದು ಅಂತ ರೂಲ್ಸು. ನಾನೇ ಮಾಡಿದ್ದು. ಹತ್ತಿ ಕಾರು."

ಕಾರು ಹಳೆಯದು, ಓಡಿಸಿದ ರೀತಿ ಅದಕ್ಕಿಂತ ಹಳೆಯದು. ಗಿರಗಿಟ್ಲೆ ರಿಮೋಟನ್ನು ತೊಡೆಯ ಮೇಲಿಟ್ಟುಕೊಂಡ. ಪರದೆ ಇನ್ನೂ ಜೀವಂತವಾಗಿತ್ತು. ಡ್ರೋನು ಹಿಂದಕ್ಕೆ ಮೂತಿ ಮಾಡಿ ಕೂತಿತ್ತು. ಲಾರಿ ದಾಟಿ ಬಂದ ರಸ್ತೆಯೆಲ್ಲ ಅದರ ಕ್ಯಾಮೆರಾಕ್ಕೆ ಕಾಣುತ್ತಿತ್ತು. ನೀರಿನ ಟ್ಯಾಂಕು ಹಿಂದಕ್ಕೆ ಸರಿಯಿತು, ಪೆಟ್ರೋಲ್ ಬಂಕು ಸರಿಯಿತು.

"ಬಂಕಿನ ಹತ್ರ ಎಡಕ್ಕೆ ಹೋಗಿದ್ದಾನೆ," ಎಂದಳು ಯಜಮಾನಿ ಪರದೆಯತ್ತ ಓರೆಗಣ್ಣು ಹಾಕಿ. "ಇವನು ಯಾವತ್ತೂ ಲೇಟು. ಎಲ್ಲೋ ನಿಲ್ಲಿಸ್ಕೊಂಡು ಹರಟ್ತಾನೆ ಅಂತ ನನಗೆ ಅನುಮಾನ. ಈಗ ಸಿಕ್ಕಿಬೀಳ್ತಾನೆ."

ರೂಲ್ಸು ಎಲ್ಲೂ ಹರಟಲಿಲ್ಲ; ನಿಂತದ್ದಕ್ಕೆಲ್ಲ ಕಾರಣ, ಲಾರಿ ಮುಂದೆ ಸರಿದ ಮೇಲೆ ಪರದೆಯಲ್ಲಿ ಕಾಣುತ್ತಿತ್ತು. ರಸ್ತೆ ದಾಟುವ ಮುದುಕನಿಗಾಗಿ ನಿಂತ. ಹಳದಿ ದೀಪಕ್ಕೇ ನಿಂತ. ಹಿಂದಿನವರು ಹಾರನ್ ಬಾರಿಸಿದರೂ ಹಸಿರು ಬರುವ ತನಕ ಅಲುಗಲಿಲ್ಲ. ಪರದೆಯಲ್ಲಿ ಇದನ್ನೆಲ್ಲ ನೋಡುತ್ತಿದ್ದ ಯಜಮಾನಿ ಅದೇ ದೀಪವನ್ನು ಕೆಂಪಿರುವಾಗಲೇ ದಾಟಿದಳು. ಮರುಕ್ಷಣ ಪರದೆಯಲ್ಲಿ ಒಂದು ಪುಟ್ಟ ಕಾರು ಕಾಣಿಸಿಕೊಂಡಿತು. ಎಲ್ಲರನ್ನೂ ಸರಿಸಿಕೊಂಡು, ಹೆಡ್‌ಲೈಟು ಮಿಣುಕಿಸುತ್ತ ಬರುತ್ತಿತ್ತು.

"ಯಾರ್ರೀ ಅದು, ದನ ಓಡಿಸಿದ ಹಾಗೆ ಓಡಿಸ್ತಿರೋದು?"

"ನಾವೇ ಮೇಡಂ."

ಯಜಮಾನಿ ಪರದೆಯತ್ತ ಬಗ್ಗಿದಳು. ಆಮೇಲೆ, "ಬಂಪರ್ ಇಷ್ಟು ಕೆಟ್ಟಿದೆಯಾ?" ಎಂದಳು.

ನಗುವಷ್ಟು ಸಮಯವಿರಲಿಲ್ಲ. "ಮುಂದೆ ಸಾಲುಮರ ಬರತ್ತೆ," ಎಂದಳು ಅವಳು. "ಕೊಂಬೆಗಳು ತಗ್ಗು. ಲೋಡಿನ ಮೇಲಿರೋದನ್ನೆಲ್ಲ ಗುಡಿಸಿ ಹಾಕ್ತವೆ. ಮರಕ್ಕೆ ಮುಂಚೆ ಒಂದು ರೋಡ್ ಹಂಪ್ ಇದೆ, ಅಲ್ಲಿ ನಿಧಾನ ಮಾಡ್ತಾನೆ. ಎಬ್ಬಿಸ್ರಿ ನಿಮ್ಮ ಹಕ್ಕೀನ."

"ಓಡೋ ಲಾರಿ ಮೇಲಿಂದಾನಾ? ಯಾವತ್ತೂ ಮಾಡಿಲ್ಲ ಮೇಡಂ. ಎದ್ದರೂ ಆಮೇಲೆ ಇಳಿಸೋದು..."

"ಅದು ತಾನೇ ಬರತ್ತೆ ಅಂದ್ರಲ್ಲ ಆಗ."

"ಅದು ಎದ್ದ ಜಾಗಕ್ಕೆ ಬರತ್ತೆ. ರಸ್ತೆ ಮಧ್ಯಕ್ಕೆ."

"ಓಹೋ," ಎಂದಳು ಯಜಮಾನಿ. "ಬೆಳಿಗ್ಗೆಯಿಂದ ನಂಬಿಕೆ ಇಲ್ಲದೋಳು ನಾನೊಬ್ಬಳೇ ಅಂದ್ಕೊಂಡಿದ್ದೆ."

ರೂಲ್ಸು ಹಂಪ್ ಕಂಡರೆ ಲಾರಿಯನ್ನು ಹಸುಗೂಸಿನಂತೆ ದಾಟಿಸುವವನು. ಲಾರಿ ನಿಂತಂತೆಯೇ ಆಯಿತು. ಗಿರಗಿಟ್ಲೆ ಹೆಬ್ಬೆರಳುಗಳಿಂದ ರಿಮೋಟಿನ ಕಡ್ಡಿಗಳನ್ನು ನೂಕಿದ. ಹಾಸಿಗೆಯ ಮೇಲಿನ ಯಂತ್ರ ಒಮ್ಮೆ ಕೊಸರಿ ಎದ್ದಿತು. ಅದರ ಕೆಳಗಿನಿಂದ ಲಾರಿ ಜಾರಿ ಮರಗಳ ನೆರಳಿಗೆ ಹೊಕ್ಕಿತು. ಡ್ರೋನು ರಸ್ತೆಯ ಮೇಲೆ, ಯಾರಿಗೂ ಸೇರದ ವಸ್ತುವಿನಂತೆ ತೇಲುತ್ತ ಉಳಿಯಿತು.

ಯಜಮಾನಿ ಕಾರನ್ನು ಬದಿಗೆ ಹಾಕಿದಳು. ಇಬ್ಬರೂ ಇಳಿದರು. ಅಷ್ಟರಲ್ಲಿ ರಿಮೋಟು ಕೀಂಕೀಂ ಎಂದು ಕೂಗತೊಡಗಿತು. ಬ್ಯಾಟರಿ ಮುಗಿಯುತ್ತಿದೆ, ಮನೆಗೆ ಹೋಗಲೇ ಎಂದು ಯಂತ್ರ ಕೇಳುತ್ತಿತ್ತು. ಅದರ ಮನೆ ಈಗ ಆ ಹಂಪು. ಹಂಪಿನ ಮೇಲೆ ಒಂದು ಬಸ್ಸು ಏದುಸಿರು ಬಿಡುತ್ತ ಹತ್ತುತ್ತಿತ್ತು. ಗಿರಗಿಟ್ಲೆ ಬೇಡವೆಂದು ಒತ್ತಿದ. ಜೀವಮಾನದಲ್ಲಿ ಆ ಗುಂಡಿಗೆ ಅವನು ಬೇಡ ಅಂದದ್ದು ಅದೇ ಮೊದಲು.

"ನನ್ನ ಕಾರಿನ ತಲೆ ಮೇಲೆ ಇಳಿಸಿ. ಗೀರು ಬಿದ್ರೆ ಬೀಳ್ಲಿ, ಇರೋದರ ಜೊತೆ ಇನ್ನೊಂದು."

ಅವನು ಎಳೆದ. ಡ್ರೋನು ಬಲಕ್ಕೆ ಬರಬೇಕಾದದ್ದು ಎಡಕ್ಕೆ ಹೋಯಿತು. ಮೂತಿ ಅವನ ಕಡೆಗಿತ್ತು. ಕಣ್ಣೆದುರು ಕೆರೆ ಬಂದು ನಿಂತಿತು, ಕೆರೆಯ ಹಿಂದೆ ಸ್ಟೂಲು ಬಂದು ನಿಂತಿತು.

"ನನಗೆ ಎಡ ಬಲ ಗೊತ್ತಾಗ್ತಿಲ್ಲ ಮೇಡಂ."

"ಎದುರುಬದುರು ನಿಂತ್ಕೊಂಡ್ರೆ ಯಾರಿಗೆ ಗೊತ್ತಾಗತ್ತೆ? ಅದರ ಬೆನ್ನು ನಿಮ್ಮ ಕಡೆ ಮಾಡಿ. ರಿವರ್ಸಲ್ಲಿ ತನ್ನಿ. ನಾನು ಹೇಳ್ತೀನಿ."

ಗಿರಗಿಟ್ಲೆ ಡ್ರೋನನ್ನು ನಿಂತಲ್ಲೇ ತಿರುಗಿಸಿದ. ಅದು ಬೆನ್ನು ತೋರಿಸಿತು. ಒಮ್ಮೆಗೇ ಎಡ ಎಡವಾಯಿತು, ಬಲ ಬಲವಾಯಿತು. ಯಜಮಾನಿ ಕನ್ನಡಕ ಏರಿಸಿ, ಕಾರಿನ ಪಕ್ಕ ಗಟ್ಟಿಯಾಗಿ ಕಾಲೂರಿ, ತಲೆ ಮೇಲಿನ ತಗಡನ್ನು ಅಂಗೈಯಿಂದ ಬಡಿಯುತ್ತ, ಇಡೀ ರಸ್ತೆಗೆ ಕೇಳುವ ಹಾಗೆ ಕೂಗತೊಡಗಿದಳು.

"ಬರ್ಲಿ, ಬರ್ಲಿ, ಬರ್ಲಿ... ಸ್ವಲ್ಪ ರೈಟು... ಬರ್ಲಿ, ಬರ್ಲಿ... ಹೋಲ್ಡ್. ಈಗ ಇಳಿಸಿ."

ಡ್ರೋನು ಇಳಿಯಿತು. ವಾಲಿತು, ಜಾರಿತು, ಒಂದು ರೆಕ್ಕೆಯ ತುದಿ ಚಕ್ಕೆ ಎದ್ದಿತು, ಕೊನೆಗೆ ವೈಪರಿಗೆ ಆತುಕೊಂಡು ನಿಂತಿತು. ರೆಕ್ಕೆಗಳು ನಿಂತೊಡನೆ ಗಿರಗಿಟ್ಲೆ ಅದನ್ನು ಎತ್ತಿ ಎದೆಗವುಚಿಕೊಂಡ.

"ಪರವಾಗಿಲ್ಲ," ಎಂದಳು ಯಜಮಾನಿ. "ಹೊಸ ಕ್ಲೀನರಿಗಿಂತ ವಾಸಿ."

ಮರುದಿನ ಅವಳ ಆಫೀಸಿನಲ್ಲಿ ಅವನು ಎರಡು ವಿಡಿಯೊ ತೋರಿಸಿದ. ಮೊದಲನೆಯದು ಬೆಂಕಿಪೊಟ್ಟಣ ಜೋಡಿಸಿಟ್ಟಂಥ ಅಂಗಳ. ಅದು ಓಡುತ್ತಿರುವಾಗಲೇ ಅವಳು ಆಕಳಿಸಿದಳು. ಎರಡನೆಯದು ಹಾಸಿಗೆಯ ಮೇಲಿಂದ ತಾನಾಗಿ ದಾಖಲಾದದ್ದು: ಹಿಂದೆ ಸರಿಯುವ ರಸ್ತೆ, ಅದರಲ್ಲೇ ಗೊತ್ತಾಗುವಂತೆ ದಾರಿ ಬಿಡುವ ಲಾರಿ, ಕಾಯುವ ಲಾರಿ, ಅವಸರವಿಲ್ಲದೆ ಊರು ದಾಟುವ ಲಾರಿ. ಅದನ್ನು ಅವಳು ತೂಕದ ಯಂತ್ರದಂತೆ ಎರಡು ಸಲ ನೋಡಿದಳು.

"ಇದೇ ಇರ್ಲಿ. ಅದರಲ್ಲಿ ಒಂದು ಕಾರು ಬರತ್ತಲ್ಲ, ಅದನ್ನ ತೆಗೀರಿ."

"ಕೆಂಪು ದೀಪ ದಾಟೋ ಕಾರಾ ಮೇಡಂ?"

"ಅದೇ. ಯಾರದೋ ಏನೋ." ಅವಳ ಮುಖದ ಒಂದು ಗೆರೆಯೂ ಅಲುಗಲಿಲ್ಲ. "ಇನ್ನು ಊರವರಿಗೆಲ್ಲ ತಾನೇ ಮನೆಗೆ ಬರತ್ತೆ ಅಂತ ಹೇಳೋದು ಬಿಡಿ. ನಾನು ಕರ್ಕೊಂಡು ಬರ್ತೀನಿ ಅನ್ನಿ. ಸೋಮವಾರ ಬನ್ನಿ, ನಮ್ಮ ಇನ್ನೊಂದು ಗೋದಾಮಿದೆ. ಅಲ್ಲೂ ಧೂಳೇ."

ಗಿರಗಿಟ್ಲೆ ಅಲ್ಲಿಂದ ನೇರವಾಗಿ ಮೊಳೆಯಂಗಡಿಗೆ ಹೋದ. ಹೊಸದು ಹಾಕಿ ಕಳಚಿದ್ದ, ಚಕ್ಕೆ ಎದ್ದ ರೆಕ್ಕೆ ಅವನ ಜೇಬಿನಿಂದ ಇಣುಕುತ್ತಿತ್ತು. ಭಾವನ ಮುಖ ಅರಳಿತು. ಬಟ್ಟೆ ತೆಗೆದು ಸ್ಟೂಲಿನ ಧೂಳು ಒರೆಸಿದ.

"ಕೊನೆಗೂ ಬಂದ್ಯಾ? ನನಗೆ ಗೊತ್ತಿತ್ತು. ಕೂತ್ಕೋ ಭಾವ, ಸಂಕೋಚ ಬೇಡ."

ಗಿರಗಿಟ್ಲೆ ಕೂರಲಿಲ್ಲ. ಬಗ್ಗಿ ಸ್ಟೂಲಿನ ನಾಲ್ಕೂ ಕಾಲು ಅಲುಗಿಸಿ ನೋಡಿದ. ಒಂದೂ ಅಲ್ಲಾಡಲಿಲ್ಲ. ಮೇಲಿನ ಹಲಗೆಯ ಅಗಲವನ್ನು ಗೇಣು ಹಾಕಿ ಅಳೆದ.

"ಇದು ನನಗೆ ಬೇಕು."

"ಅದಕ್ಕೇ ಅಲ್ವಾ ಕಾದಿಟ್ಟಿರೋದು?"

"ಕೂರೋಕಲ್ಲ. ಡ್ರೋನ್ ಇಡೋಕೆ. ಧೂಳು ಹತ್ತಲ್ಲ, ಎಲ್ಲಿಟ್ಟರೆ ಅಲ್ಲೇ ಇರತ್ತೆ, ಯಾರು ಕೈ ಬೀಸಿದ್ರೂ ಹೊರಟು ಹೋಗಲ್ಲ."

ಭಾವ ಕೈಯಲ್ಲಿದ್ದ ಬಟ್ಟೆ ಕೆಳಗಿಡುವ ಮೊದಲೇ ಅವನು ಸ್ಟೂಲನ್ನು ತಲೆಯ ಮೇಲೆ ಹೊತ್ತು ಮೆಟ್ಟಿಲಿಳಿದಿದ್ದ. ಸಂಜೆ ಕೆಲಸ ಮುಗಿಸಿ ಬಂದ ಹೆಂಡತಿ ಅಂಗಳದಲ್ಲಿ ಅದನ್ನು ನೋಡಿ ಬಾಗಿಲಲ್ಲೇ ನಿಂತಳು. ಸ್ಟೂಲು ಮನೆಗೆ ಬಂದಿದೆಯೆಂದರೆ ಅರ್ಥವೇನೆಂದು ಅವಳ ಮುಖದಲ್ಲಿ ಲೆಕ್ಕ ನಡೆಯುತ್ತಿತ್ತು. ಅಷ್ಟರಲ್ಲಿ ಮನೆಯ ಸೂರಿನ ಮೇಲಿಂದ ಗುಂಯ್‌ಗುಡುತ್ತ ಡ್ರೋನು ಬೆನ್ನು ತೋರಿಸಿಕೊಂಡು ಬಂತು. ಗಂಡ ಅದರತ್ತಲೇ ಮುಖ ಮಾಡಿ, ಎರಡೂ ಕೈಯಲ್ಲಿ ರಿಮೋಟು ಹಿಡಿದು, ತನ್ನಷ್ಟಕ್ಕೆ ತಾನೇ ಗೊಣಗುತ್ತಿದ್ದ.

"ಬರ್ಲಿ, ಬರ್ಲಿ, ಬರ್ಲಿ..."

"ಸ್ವಲ್ಪ ಎಡಕ್ಕೆ," ಎಂದಳು ಹೆಂಡತಿ, ಕೈಚೀಲವನ್ನೂ ಕೆಳಗಿಡದೆ.