ಬೆಳಗಾದರೆ ಕುಗ್ಗುವ ಕಾಂತ

ಬಿಳಿಗೆರೆಯ ತೋಂಟದಾರ್ಯನಿಗೆ ಕೂತಲ್ಲಿ ಕೂರುವುದು ಗೊತ್ತಿರಲಿಲ್ಲ. ಕೊಬ್ಬರಿಯಾಗಲು ಹನ್ನೊಂದು ತಿಂಗಳು ಅಟ್ಟದಲ್ಲಿ ಒಣಗಬೇಕಾದ ತೆಂಗಿನಕಾಯಿಯನ್ನು ಚಿಕ್ಕಂದಿನಲ್ಲಿ ಎಂಟನೇ ತಿಂಗಳಿಗೇ ಒಡೆದು, ಒಳಗೆಲ್ಲ ಹಸಿ ಕಂಡು, ಅವ್ವ ಕಲ್ಲಮ್ಮನ ಕೈಲಿ ಏಟು ತಿಂದಿದ್ದ. ತಿಪಟೂರಿನಲ್ಲಿ ಕಾಲೇಜು ಮೇಷ್ಟ್ರಾದರೂ ಅದು ಬಿಡಲಿಲ್ಲ. ಹುಟ್ಟುಗುಣ ಸುಟ್ಟರೂ ಹೋಗದು ನೋಡಿ.

1997ರಲ್ಲಿ ಪಿಎಚ್‌.ಡಿ.ಗೆಂದು ರಜೆ ಹಾಕಿ ಬೆಂಗಳೂರಿನ ಪ್ರಯೋಗಾಲಯವೊಂದನ್ನು ಸೇರಿದ. ಗಾಳಿ ತೆಗೆದ ಉಕ್ಕಿನ ಪಾತ್ರೆಯೊಳಗೆ ಕಣ್ಣಿಗೂ ಕಾಣದಷ್ಟು ತೆಳುವಾದ ನಿಕಲ್ ಪದರ. ಅದರ ಕಾಂತಶಕ್ತಿ ಅಳೆಯುವುದು ಕೆಲಸ. ಸಂಜೆ ಪದರವನ್ನು ಕಾಯಿಸಿ, ಆರಿಸಿ ಅಳೆದರೆ ಸರಿಯಾಗಿರುತ್ತಿತ್ತು. ಬೆಳಗಾದರೆ ಕಡಿಮೆ. ಪಾತ್ರೆ ಮುಚ್ಚಿದೆ, ಯಾರೂ ಮುಟ್ಟಿಲ್ಲ, ಅಳತೆಯೇ ತಪ್ಪಿರಬೇಕೆಂದು ರೇಗಿ, ನಾಲ್ಕು ತಿಂಗಳ ಬೆಳಗಿನ ಹಾಳೆಗಳನ್ನು ಹರಿದೆಸೆದ. ಬರೀ ಸಂಜೆಯ ಅಳತೆ ಹಿಡಿದು ಪ್ರಬಂಧ ಮುಗಿಸಿದ.

ಅದನ್ನು ಒಪ್ಪಿಸುವ ಸೋಮವಾರಕ್ಕೆ ಎರಡು ದಿನ ಇರುವಾಗ ಊರಿಗೆ ಬಂದ. ಕಲ್ಲಮ್ಮ ಅಟ್ಟದಿಂದ ಇಳಿಸಿದ ಕಾಯಿಗಳನ್ನು, ಒಳಗಿನ ನೀರು ಆರಿದೆಯೇ ಎಂದು ಕಿವಿಯ ಹತ್ತಿರ ಅಲ್ಲಾಡಿಸಿ ಆರಿಸುತ್ತಿದ್ದಳು. ಅವನು ಕೂರುವುದು, ಏಳುವುದು.

"ಯಾಕ್ಲಾ ಹಂಗಾಡ್ತೀಯ?"

"ಮುಚ್ಚಿದ ಪಾತ್ರೆ ಕಣವ್ವ, ಯಾರೂ ಮುಟ್ಟಿಲ್ಲ. ಆದ್ರೂ ಒಳಗಿಂದು ದಿನಾ ಬದಲಾಗ್ತಿತ್ತು."

ಕಲ್ಲಮ್ಮ ಕೈಲಿದ್ದ ಕಾಯಿ ಎತ್ತಿ ತೋರಿಸಿದಳು. "ಇದನ್ಯಾರ್ಲಾ ಮುಟ್ಟಿದ್ರು? ಚಿಪ್ಪು ಮುಚ್ಚೇ ಐತೆ. ನೀರು ಹೋಗ್ಲಿಲ್ವಾ?"

ಅವನು ಕಾಯಿಯನ್ನು ಇಸಿದುಕೊಂಡು ತಾನೂ ಅಲ್ಲಾಡಿಸಿ ನೋಡಿದ. ಚಿಪ್ಪನ್ನು ದಾಟಿ ನೀರು ಹೋಗುವುದಾದರೆ, ಉಕ್ಕಿನ ಗೋಡೆಯಿಂದ ಏನೋ ಒಳಗೆ ಯಾಕೆ ಬರಬಾರದು? ಉಕ್ಕಿನಲ್ಲಿ ಹೈಡ್ರೋಜನ್ ಅಡಗಿರುತ್ತದೆಂದು ಪಾಠ ಮಾಡಿದವನೇ ಅವನು! ಅದು ಇರುಳೆಲ್ಲ ಒಸರಿ ನಿಕಲ್‌ಗೆ ಅಂಟಿಕೊಂಡು ಮೇಲ್ಮೈಯ ಕಾಂತವನ್ನು ಕುಗ್ಗಿಸುತ್ತಿತ್ತು. ಕಾಯಿಸಿದರೆ ಅಂಟಿದ್ದು ಬಿಟ್ಟು ಹೋಗಿ ಕಾಂತ ಮರಳುತ್ತಿತ್ತು. ಅವನಿಗೆ ಸಿಕ್ಕಿದ್ದ ಹೊಸ ಸಂಗತಿ ಆ ಬೆಳಗಿನ ಅಳತೆಯೊಂದೇ, ಹರಿದೆಸೆದದ್ದೂ ಅದನ್ನೇ.

ಸೋಮವಾರ ಮಾರ್ಗದರ್ಶಕ ಶಂಭುಲಿಂಗಯ್ಯನವರ ಮುಂದೆ ನಿಂತು ಎಲ್ಲ ಒಪ್ಪಿಕೊಂಡ. ಅವರು ಬೈಯಲಿಲ್ಲ. "ಬೆಳಗಿನದನ್ನ ಮತ್ತೆ ಅಳೀರಿ. ಇನ್ನೊಂದು ವರ್ಷ ಆಗ್ತದೆ," ಎಂದು ಪ್ರಬಂಧವನ್ನು ಹಿಂದಕ್ಕೆ ಕೊಟ್ಟರು.

ಮುಂದಿನ ಸಲ ಊರಿಗೆ ಹೋದಾಗ ಕಲ್ಲಮ್ಮ ಕೇಳಿದಳು, "ಮುಗೀತೇನ್ಲಾ?"

"ಇಲ್ಲ ಕಣವ್ವ. ಇನ್ನೂ ಹಸಿ ಇತ್ತು," ಎಂದ. "ಮತ್ತೆ ಅಟ್ಟಕ್ಕೆ ಹಾಕಿದೀನಿ."