ಸರ್ವರ್ ಕಾಯುವ ಜಿನಮತಿ
ನಿಪ್ಪಾಣಿಯ ಒಂದು ಪತ್ತಿನ ಸಂಘದಲ್ಲಿ, ಲಾಗಿನ್ ಮಾಡುವ ನೌಕರ ಯಾರೆಂದು ಗುರುತಿಸಿ ಒಳಬಿಡುವ ಸರ್ವರನ್ನು ನೋಡಿಕೊಳ್ಳುವವಳು ಜಿನಮತಿ. ಬೆಳಿಗ್ಗೆ ಕೌಂಟರ್ ತೆರೆಯುತ್ತಲೇ ಐನಾಪುರದಿಂದ ಭೋಜದವರೆಗೆ ಎಲ್ಲ ಶಾಖೆಗಳೂ ಒಟ್ಟಿಗೇ ಅದರ ಮೇಲೆ ಮುಗಿಬೀಳುತ್ತವೆ. ಅದು ಉತ್ತರ ಕೊಡುವುದನ್ನೇ ನಿಲ್ಲಿಸುತ್ತದೆ. ಆಗ ಜಿನಮತಿ ಫೋನಿನಲ್ಲಿ ಎಲ್ಲರಿಗೂ ಹೇಳುವುದು ಒಂದೇ ಮಾತು: “ಮತ್ತ ಮತ್ತ ಒತ್ತಬ್ಯಾಡ್ರಿ, ಕೈ ತಗದು ಚಹಾ ಕುಡೀರಿ.” ಭೋಜದವರು ಈಗ ಚಹಾ ಕುಡಿದೇ ಫೋನ್ ಮಾಡುತ್ತಾರೆ. “ಒಮ್ಮೆ ಬಂದ್ ಮಾಡಿ ಚಾಲೂ ಮಾಡ್ರಿ ಮೇಡಂ” ಎಂದು ಮ್ಯಾನೇಜರ್ ವೃಷಭ ಸಿಡುಕಿದರೆ, “ಮಾಡಿದ್ರ ಎಲ್ಲಾರೂ ಮತ್ತ ಒಮ್ಮೆಲೇ ಬರ್ತಾರ್ರಿ ಸರ” ಎಂದು ತಲೆ ಎತ್ತದೆ ಹೇಳುತ್ತಾಳೆ. ಕೆಲಸ ಮುಗಿದರೂ ಸರ್ವರಿನಲ್ಲಿ ಜಾಗ ಬಿಡದೆ ಕೂತ ಸಂಪರ್ಕಗಳನ್ನು ಹುಡುಕಿ ಹುಡುಕಿ ಕಳಚುತ್ತಾಳೆ. ಶಾಖೆಗಳು ಒಂದೊಂದಾಗಿ ಒಳಬರುತ್ತವೆ. ಸರಿಯಾಯಿತೆಂದು ತಿಳಿಸಲು ಯಾರೂ ಫೋನ್ ಮಾಡುವುದಿಲ್ಲ; ಫೋನ್ ನಿಂತರೆ ಸರಿಯಾಯಿತೆಂದೇ ಅರ್ಥ. ಹೊತ್ತು ಮುಳುಗಿದ ಮೇಲೆ ಉಣ್ಣದ ಜೈನರ ಮನೆ; ಅದಕ್ಕೂ ಮುಂಚೆ ಅವಳು ಮನೆ ಸೇರಬೇಕು. ಮರೆವಿನ ಕಾಯಿಲೆಯ ತಂದೆ ಶ್ರೀಪಾಲರು ಊಟದ ತಟ್ಟೆಯಿಂದ ಕಣ್ಣೆತ್ತಿ, “ನೀವು ಯಾರ್ರಿ?” ಎನ್ನುತ್ತಾರೆ. “ನಾ ನಿನ್ನ ಮಗಳಪ್ಪಾ, ಜಿನಮತಿ.” “ಹೌದೇನ? ಚಲೋ ಆತು ನೀ ಬಂದಿದ್ದು” ಎಂದು ಅವರ ಮುಖ ಅರಳುತ್ತದೆ. ಎರಡು ತುತ್ತಿನಲ್ಲಿ ಅದನ್ನೂ ಮರೆಯುತ್ತಾರೆ. ಆ ಮುಖ ಮತ್ತೊಮ್ಮೆ ಅರಳುವುದನ್ನು ನೋಡಲೆಂದು ಜಿನಮತಿ ಪಕ್ಕದಲ್ಲೇ ಕೂತು, ಅವರು ಕೇಳುವುದನ್ನೇ ಕಾಯುತ್ತಾಳೆ.